ತಟ್ಟದೆ ಬಿಟ್ಟ ಬಾಗಿಲುಗಳು

ಆ ಊರಲ್ಲಿ ಕಳೆದುಹೋದವರನ್ನು ಹುಡುಕಲು ಹೊರಟವರು ಎಲ್ಲ ಬಾಗಿಲನ್ನೂ ತಟ್ಟಬೇಕಿತ್ತು. ಮೊದಲ ಬಾಗಿಲಿಂದ ಶುರುಮಾಡಿ ಕೊನೆಯ ಬಾಗಿಲವರೆಗೆ. ಕಳೆದುಹೋದವರು ಮೊದಲ ಬಾಗಿಲಲ್ಲೇ ಸಿಕ್ಕರೂ ಕೊನೆಯ ಬಾಗಿಲವರೆಗೆ. ನಡುವೆ ನಿಲ್ಲುವ ಹಾಗಿಲ್ಲ, ನಡುವೆ ತಿರುಗುವ ಹಾಗಿಲ್ಲ, ನಡುವೆ ಬಿಡುವ ಹಾಗಿಲ್ಲ. ಊರಿಗೆ ಬೇರೆ ನಿಯಮಗಳೂ ಇದ್ದವು. ಅವನ್ನೆಲ್ಲ ಜನ ಬೇಕಾದಾಗ ಬಗ್ಗಿಸುತ್ತಿದ್ದರು, ಬೇಡವಾದಾಗ ಮರೆಯುತ್ತಿದ್ದರು. ಇದೊಂದನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ.

ಯಾಕೆ ಎಂದು ಕೇಳಿದರೆ ಉತ್ತರ ಸಿದ್ಧವಿತ್ತು. ತಟ್ಟದೆ ಬಿಟ್ಟ ಬಾಗಿಲು ನೊಂದುಕೊಳ್ಳುತ್ತದೆ, ನೊಂದ ಬಾಗಿಲು ಶಾಪ ಹಾಕುತ್ತದೆ, ಶಾಪ ಬಿದ್ದ ಊರು ಉಳಿಯುವುದಿಲ್ಲ. ಯಾವ ಬಾಗಿಲು ಯಾವಾಗ ಶಾಪ ಹಾಕಿತ್ತು ಎಂದರೆ ಹೇಳುವವರಿರಲಿಲ್ಲ. ಮರದ ಹಲಗೆ ನೊಂದುಕೊಳ್ಳುತ್ತದೆ ಎಂದು ನಂಬಿದ ಜನಕ್ಕೆ ಮನುಷ್ಯರೂ ನೊಂದುಕೊಳ್ಳುತ್ತಾರೆ ಎಂಬುದು ನೆನಪಿರಲಿಲ್ಲ.

ಇನ್ನೊಂದು ಕಾರಣವಿತ್ತು. ಅದನ್ನು ಊರಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದ್ದರಿಂದ ಇಲ್ಲೇ ಹೇಳಿಬಿಡಬೇಕು. ತಟ್ಟಿದ ಪ್ರತಿಯೊಂದು ಬಾಗಿಲಲ್ಲೂ ಕೋಲಿನವನ ಜೋಳಿಗೆಗೆ ಒಂದು ಹಿಡಿ ಅಕ್ಕಿ ಬೀಳುತ್ತಿತ್ತು. ಬಾಗಿಲು ಹೆಚ್ಚಾದಷ್ಟೂ ಹಿಡಿ ಹೆಚ್ಚು. ಕೋಲಿನವರ ಮನೆಯಲ್ಲಿ ಯಾವತ್ತೂ ಒಲೆ ಆರಿದ್ದಿಲ್ಲ.

ಪ್ರತಿ ಕೇರಿಗೂ ಒಬ್ಬ ಕೋಲಿನವನು. ಕೇರಿಗಳೆಲ್ಲ ಸೇರಿದ ಊರಿಗೆ ಒಬ್ಬ ಗಂಟೆಯವನು, ಊರ ನಡುವಿನ ಗೋಪುರದಲ್ಲಿ. ಹುಡುಕಲು ಹೊರಟವರು ಮೊದಲು ಗಂಟೆಯವನ ಮುಂದೆ ನಿಲ್ಲಬೇಕು. ಅವನು ಅವರನ್ನು ಮೊದಲ ಕೇರಿಯ ಕೋಲಿನವನಿಗೆ ಒಪ್ಪಿಸುತ್ತಾನೆ. ಕೋಲಿನವನು ಅವರ ಬಲಗೈಗೆ ಬಿಳಿ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ತನ್ನ ಕೋಲಿಗೆ ಸುತ್ತಿಕೊಳ್ಳುತ್ತಾನೆ. ಕೋಲಿನಿಂದ ಬಾಗಿಲು ತಟ್ಟುತ್ತಾನೆ. ಬಾಗಿಲು ತೆರೆಯುತ್ತದೆ. ಹುಡುಕುವವರು ಕೇಳುತ್ತಾರೆ: ಇಲ್ಲಿದ್ದಾರೆಯೇ? ಮನೆಯವರು ಹೇಳುತ್ತಾರೆ: ಇಲ್ಲ. ಅಕ್ಕಿ ಬೀಳುತ್ತದೆ. ಕೋಲಿನವನು ಹೇಳುತ್ತಾನೆ: ಮುಂದೆ.

ಮನೆಯವರು ‘ಇದ್ದಾರೆ’ ಎಂದರೂ ಅವನು ಹೇಳುವುದು ಅದನ್ನೇ. ಮುಂದೆ.

ಸಿಕ್ಕವರನ್ನು ಸಿಕ್ಕ ಮನೆಯಲ್ಲೇ ಚಾಪೆಯ ಮೇಲೆ ಅಂಗಾತ ಮಲಗಿಸಿರುತ್ತಾರೆ. ಮಲಗಿಸಿದ ಮೇಲೆ, ಸುತ್ತು ಮುಗಿದು ಗಂಟೆ ಬಾರಿಸುವವರೆಗೆ ಅವರನ್ನು ಯಾರೂ ಮುಟ್ಟುವಂತಿಲ್ಲ. ಆಮೇಲೆ ಬಂದು ಕರೆದುಕೊಂಡು ಹೋಗಬಹುದು. ಇದರಲ್ಲಿ ತಪ್ಪೇನಿದೆ ಎಂದು ಊರು ಕೇಳುತ್ತಿತ್ತು. ಸಿಕ್ಕೇ ಸಿಗುತ್ತಾರಲ್ಲ, ಸ್ವಲ್ಪ ತಡವಾಗಿ, ಅಷ್ಟೇ ತಾನೇ?

ಸ್ವಲ್ಪ ತಡ. ಆ ಮಾತನ್ನು ನೆನಪಿಟ್ಟುಕೊಳ್ಳಿ.

ಊರ ಅಂಚಿನಲ್ಲಿ ಅಕ್ಕ ತಂಗಿ ಇಬ್ಬರಿದ್ದರು. ಅವಲಕ್ಕಿ ಕುಟ್ಟಿ ಬದುಕುತ್ತಿದ್ದರು. ಒಂದೇ ಒರಳು, ಎರಡು ಒನಕೆ; ಒಬ್ಬಳದು ಏಳುವಾಗ ಇನ್ನೊಬ್ಬಳದು ಬೀಳಬೇಕು. ತಂಗಿಗೆ ಉಬ್ಬಸವಿತ್ತು. ಹೊಟ್ಟಿನ ಧೂಳು ಎದೆಗೆ ಇಳಿದರೆ ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಆಗ ಅವಳನ್ನು ಮಲಗಿಸಬಾರದು. ಎತ್ತಿ ಕೂರಿಸಬೇಕು. ಅಕ್ಕ ಹಿಂದೆ ಕೂತು ತಂಗಿಯ ಬೆನ್ನಿಗೆ ತನ್ನ ಎದೆ ಕೊಡುತ್ತಿದ್ದಳು, ಎರಡೂ ಕೈಯನ್ನು ಮುಂದಕ್ಕೆ ತಂದು ತಂಗಿಯ ಎದೆಯನ್ನು ಮೆಲ್ಲಗೆ ನೀವುತ್ತಿದ್ದಳು. ತಾನು ಉಸಿರೆಳೆದರೆ ತಂಗಿಯೂ ಎಳೆಯಬೇಕು, ತಾನು ಬಿಟ್ಟರೆ ಅವಳೂ ಬಿಡಬೇಕು. ಹಾಗೆ ಕೂತಿದ್ದರೆ ಸಾಕು, ಉಸಿರು ದಾರಿಗೆ ಬರುತ್ತಿತ್ತು. ಬೇರೆ ಔಷಧ ಬೇಕಿರಲಿಲ್ಲ. ಒಬ್ಬರ ಎದೆ ಬೇಕಿತ್ತು.

ಒಂದು ಬೆಳಿಗ್ಗೆ ತಂಗಿ ಅವಲಕ್ಕಿ ಬುಟ್ಟಿ ಹೊತ್ತು ಹೋದವಳು ಬರಲಿಲ್ಲ. ಬಿಸಿಲು ಅಂಗಳಕ್ಕೆ ಬಂತು, ಒರಳಿಗೆ ಬಂತು, ಒರಳನ್ನು ದಾಟಿ ಗೋಡೆಗೆ ಬಂತು. ತಂಗಿ ಬರಲಿಲ್ಲ. ಅಕ್ಕ ಒನಕೆ ಒರಗಿಸಿ ಗೋಪುರಕ್ಕೆ ಓಡಿದಳು.

“ಯಾರು ಕಳೆದಿದ್ದು?” ಎಂದ ಗಂಟೆಯವನು.

“ನನ್ನ ತಂಗಿ ಕಣಣ್ಣ. ಉಬ್ಬಸದ ಹುಡುಗಿ. ಎಲ್ಲಾದರೂ ಬಿದ್ದಿದ್ದರೆ ಬೇಗ ಎತ್ತಿ ಕೂರಿಸಬೇಕು.”

“ಬೇಗ ಗೀಗ ಇಲ್ಲ. ಎಲ್ಲ ಬಾಗಿಲೂ ತಟ್ಟುತ್ತೀಯಾ?”

“ತಟ್ಟುತ್ತೇನೆ.”

“ಕೊನೆಯವರೆಗೂ?”

“ಕೊನೆಯವರೆಗೂ.”

ಹಾಗೆ ಹೇಳದೆ ಬೇರೆ ದಾರಿ ಇರಲಿಲ್ಲ. ಕೋಲಿನ ಸದ್ದಿಲ್ಲದೆ ಆ ಊರಲ್ಲಿ ಬಾಗಿಲು ತೆರೆಯುವುದಿಲ್ಲ ಎಂದು ಅವಳು ಹುಟ್ಟಿದಾಗಿನಿಂದ ಕೇಳಿದ್ದಳು. ಗಂಟೆಯವನು ಅವಳ ಬೆನ್ನ ಹಿಂದೆ ಹೋಗಿ ಸೊಂಟದ ಹತ್ತಿರ ಏನೋ ಮಾಡಿದ. ಹುಡುಕಲು ಬಂದವರಿಗೆಲ್ಲ ಅವನು ಹಾಗೆ ಮಾಡುತ್ತಿದ್ದ. ಯಾರೂ ತಿರುಗಿ ನೋಡುತ್ತಿರಲಿಲ್ಲ. ಅವಳೂ ನೋಡಲಿಲ್ಲ. ಅವಳ ಕಣ್ಣೆಲ್ಲ ಮುಂದಿನ ಕೇರಿಯ ಮೇಲಿತ್ತು.

ಕೋಲಿನವನು ಕೈಗೆ ದಾರ ಕಟ್ಟಿದ. ತಟ್ಟಿದ. ತೆರೆಯಿತು. ಕೇಳಿದಳು. ಇಲ್ಲ ಅಂದರು. ಅಕ್ಕಿ ಬಿತ್ತು. ಮುಂದೆ. ತಟ್ಟಿದ. ತೆರೆಯಿತು. ಕೇಳಿದಳು. ಇಲ್ಲ ಅಂದರು. ಅಕ್ಕಿ ಬಿತ್ತು. ಮುಂದೆ.

ಕೇರಿ ಅರ್ಧವೂ ಆಗಿರಲಿಲ್ಲ. ಒಂದು ನೀಲಿ ಬಾಗಿಲು ತೆರೆಯಿತು. ಹೊಸ್ತಿಲ ಮೇಲೆ ಮನೆಯಾಕೆ, ಕೈಯಲ್ಲಿ ಅಕ್ಕಿ. ಅವಳ ಹೆಗಲ ಆಚೆ ನಡುಮನೆಯಲ್ಲಿ ಚಾಪೆ. ಚಾಪೆಯ ಮೇಲೆ ತಂಗಿ.

ಅಂಗಾತ ಮಲಗಿಸಿದ್ದರು. ಬಾಯಿ ತೆರೆದಿತ್ತು. ಎದೆ ಏರುತ್ತಿತ್ತು, ಇಳಿಯುತ್ತಿರಲಿಲ್ಲ. ಕುತ್ತಿಗೆಯ ನರಗಳು ಉಬ್ಬಿದ್ದವು. ಕಣ್ಣು ಬಾಗಿಲ ಕಡೆಗೇ ಇತ್ತು. ಅಕ್ಕನನ್ನು ಕಂಡ ಕೂಡಲೇ ಒಂದು ಕೈ ಚಾಪೆಯಿಂದ ಸ್ವಲ್ಪ ಮೇಲೆದ್ದಿತು.

“ಇಲ್ಲೇ ಇದ್ದಾಳೆ!” ಅಕ್ಕ ಕಿರುಚಿದಳು. “ಎತ್ತಿ ಕೂರಿಸಿ! ಮಲಗಿಸಬೇಡಿ, ಕೂರಿಸಿ!”

“ಮುಟ್ಟುವ ಹಾಗಿಲ್ಲವಲ್ಲಮ್ಮ,” ಎಂದಳು ಮನೆಯಾಕೆ. ಕೆಟ್ಟವಳೇನಲ್ಲ. “ಬೆಳಿಗ್ಗೆ ಜಗಲಿ ಮೇಲೆ ಬಿದ್ದಳು, ಒಳಗೆ ತಂದು ಮಲಗಿಸಿದೆ. ನೀರು ಕೂಡ ತೋರಿಸಿಲ್ಲ. ಬೇಗ ಬೇಗ ಸುತ್ತು ಮುಗಿಸಿಕೊಂಡು ಬಾ ತಾಯಿ.”

“ನಾನೇ ಕೂರಿಸುತ್ತೇನೆ. ಬಿಡಿ. ಒಂದು ಗಳಿಗೆ.”

ದಾರ ಬಿಗಿಯಿತು. ಕೋಲಿನವನು ಹೊಸ್ತಿಲಿಗೆ ಅಡ್ಡ ಕೋಲು ಇಟ್ಟಿದ್ದ.

“ಸಿಕ್ಕಳಲ್ಲ, ಇನ್ನೇನು? ಸಂತೋಷಪಡು. ಎಷ್ಟೋ ಜನಕ್ಕೆ ಸಿಗುವುದೇ ಇಲ್ಲ. ಮುಂದೆ.”

“ಹುಡುಕಿದ್ದು ಅವಳನ್ನ! ಸಿಕ್ಕ ಮೇಲೆ ಇನ್ನೇನು ಹುಡುಕುವುದು?”

“ಏನು ಹುಡುಕುತ್ತೀ ಅಂತ ನನ್ನ ಕೇಳಬೇಡ. ಎಲ್ಲಿಯವರೆಗೆ ಹುಡುಕಬೇಕು ಅನ್ನೋದು ಮಾತ್ರ ನನಗೆ ಗೊತ್ತು. ಅಕ್ಕಿ ಹಾಕಮ್ಮ.”

ಮನೆಯಾಕೆ ಅಕ್ಕಿ ಹಾಕಿದಳು. ಬಾಗಿಲು ಮುಚ್ಚಿತು. ತಂಗಿಯ ಕೈ ಇನ್ನೂ ಮೇಲೇ ಇತ್ತು.

ಮುಂದೆ.

ಈಗ ನೋಡಿ, ತಂಗಿ ಎಲ್ಲಿದ್ದಾಳೆ ಎಂದು ಅಕ್ಕನಿಗೆ ಗೊತ್ತು. ಕೋಲಿನವನಿಗೆ ಗೊತ್ತು. ಕಿರುಚಿದ್ದು ಕೇರಿಗೆಲ್ಲ ಕೇಳಿತ್ತು, ಹಾಗಾಗಿ ಕೇರಿಗೂ ಗೊತ್ತು. ಆದರೂ ಕೋಲು ಪಕ್ಕದ ಬಾಗಿಲು ತಟ್ಟಿತು, ಬಾಗಿಲು ತೆರೆಯಿತು, ಮೀಸೆಯ ಗಂಡಸೊಬ್ಬ ಅವಳ ಬಾಯಿಂದ ಪ್ರಶ್ನೆ ಬರಲೆಂದು ಕಾದು ನಿಂತ.

“ನನ್ನ ತಂಗಿ ಇಲ್ಲಿದ್ದಾಳೆಯೇ?”

“ಅಲ್ಲಿ ನೀಲಿ ಬಾಗಿಲ ಮನೇಲಿ ಸಿಕ್ಕಳಂತಲ್ಲ?”

“ಹೌದು.”

“ಹಾಗಾದರೆ ಇಲ್ಲಿಲ್ಲ ಬಿಡು.” ಆದರೂ ಅವನು ಒಳಗೆ ಹೋಗಿ ಮಂಚದ ಕೆಳಗೆ ಬಗ್ಗಿ ನೋಡಿ ಬಂದ. “ಇಲ್ಲ ಕಣಮ್ಮ. ಚೆನ್ನಾಗಿ ನೋಡಿದೆ.”

ಅಕ್ಕಿ ಬಿತ್ತು. ಮುಂದೆ. ತಟ್ಟಿದ, ತೆರೆಯಿತು, ಕೇಳಿದಳು. ಒಬ್ಬಳು ಒಗ್ಗರಣೆ ಸೌಟು ಹಿಡಿದೇ ಬಂದು ಇಲ್ಲ ಎಂದಳು. ಒಬ್ಬ ಬಾಯಲ್ಲಿ ಅನ್ನವಿಟ್ಟುಕೊಂಡು ತಲೆ ಅಲ್ಲಾಡಿಸಿದ. ಬಾಯಿಬಿಟ್ಟು ಹೇಳಬೇಕು ಎಂದು ಕೋಲಿನವನು ಅವನು ನುಂಗುವವರೆಗೆ ಕಾದ. ಅವನು ನಿಧಾನವಾಗಿ ಅಗಿದ. ಅಷ್ಟು ಹೊತ್ತೂ ನೀಲಿ ಬಾಗಿಲ ಹಿಂದೆ ಒಂದು ಎದೆ ಏರುತ್ತಿತ್ತು, ಇಳಿಯುತ್ತಿರಲಿಲ್ಲ.

ಕೇರಿಯ ತುದಿಗೆ ಬಂದರು. ಅಲ್ಲಿ ಮನೆ ಇರಲಿಲ್ಲ. ಬಯಲಲ್ಲಿ ಬರೀ ಬಾಗಿಲ ಚೌಕಟ್ಟು ನಿಲ್ಲಿಸಿ, ಅದಕ್ಕೊಂದು ಹಲಗೆ ತೂಗುಹಾಕಿದ್ದರು. ಬಾಗಿಲಿದ್ದವರಿಗೆ ಮರ್ಯಾದೆ ಎಂದು ಮನೆ ಕಟ್ಟಲಾಗದವನೊಬ್ಬ ಬಾಗಿಲನ್ನಷ್ಟೇ ಕಟ್ಟಿದ್ದ. ಅದರ ಆಚೆ ಇನ್ನೊಂದಕ್ಕೆ ಗುಂಡಿ ತೋಡುತ್ತಿದ್ದರು. ಕೋಲಿನವನು ಹಲಗೆ ತಟ್ಟಿದ.

“ಕೇಳು,” ಎಂದ.

“ಯಾರನ್ನ ಕೇಳಲಿ? ಆಚೆ ಬಯಲು ಕಾಣಿಸುತ್ತಿದೆ!”

“ಬಾಗಿಲು ಬಾಗಿಲೇ. ಕೇಳು.”

“ನನ್ನ ತಂಗಿ ಇಲ್ಲಿದ್ದಾಳೆಯೇ?”

ಗಾಳಿ ಬೀಸಿತು. ಹಲಗೆ ಕಿರುಗುಟ್ಟಿತು. ಸ್ವಲ್ಪ ಹೊತ್ತು ಕಾದು, ಕೋಲಿನವನು ತಾನೇ ಚೌಕಟ್ಟಿನ ಆಚೆ ಹೋಗಿ ನಿಂತು “ಇಲ್ಲ” ಎಂದ. ಮತ್ತೆ ಈಚೆ ಬಂದು, ತನ್ನ ಜೋಳಿಗೆಯಿಂದಲೇ ಒಂದು ಹಿಡಿ ತೆಗೆದು ತನ್ನ ಜೋಳಿಗೆಗೇ ಹಾಕಿಕೊಂಡ. ಅವನ ಮುಖದಲ್ಲಿ ನಗುವಿರಲಿಲ್ಲ. ಅವನು ಅದನ್ನು ಮನಸ್ಸಿಟ್ಟು ಮಾಡುತ್ತಿದ್ದ. ಅದೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿತು.

ಗುಂಡಿ ತೋಡುತ್ತಿದ್ದವರು ಇನ್ನೊಂದು ಚೌಕಟ್ಟನ್ನು ಎತ್ತಿ ನಿಲ್ಲಿಸಿದರು. “ಒಂದು ನಿಮಿಷ ಇರಣ್ಣ, ಮಣ್ಣು ಗಟ್ಟಿ ಮಾಡ್ತೀವಿ,” ಎಂದರು. ಕೋಲಿನವನು ಇರುತ್ತೇನೆ ಎಂದ.

ಆಗ ಅಕ್ಕ ಕೈಯನ್ನು ಬಾಯಿಗೆ ತಂದಳು. ಬಿಳಿ ದಾರಕ್ಕೆ ಹಲ್ಲು ಹಾಕಿ ಕಚ್ಚಿದಳು. ದಾರದ ಜೊತೆ ಚರ್ಮವೂ ಬಂತು. ದಾರ ತುಂಡಾಯಿತು.

ಎಲ್ಲಿದ್ದರೋ ಜನ. ಜಗಲಿಗಳಿಂದ ಧುಮುಕಿದರು. ಕಿಟಕಿಗಳಿಂದ ಕೂಗಿದರು.

“ಬಿಟ್ಟಳು! ಬಿಟ್ಟಳು! ನಡುವೆ ಬಿಟ್ಟಳು!”

“ಶಭಾಷ್ ಕಣವ್ವ! ನೀನು ಹೆಣ್ಣಲ್ಲ, ಹುಲಿ!”

ಯಾರೋ ಅವಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಯಾರೋ ತಮಟೆ ತಂದರು. ಕೋಲಿನವನು ಮುಖ ಗಂಟು ಹಾಕಿಕೊಂಡು ತುಂಡು ದಾರವನ್ನು ಕೋಲಿಗೆ ಸುತ್ತಿಕೊಂಡ, ಅಷ್ಟೇ. ಅವನು ಬೆನ್ನಟ್ಟಲಿಲ್ಲ. ಅವನು ಯಾಕೆ ಬೆನ್ನಟ್ಟಲಿಲ್ಲ ಎಂದು ಯೋಚಿಸಬೇಕಿತ್ತು. ಹೆಗಲ ಮೇಲೆ ಕೂತವರಿಗೆ ಯೋಚನೆ ಬರುವುದಿಲ್ಲ.

“ಆ ಕಡೆ! ನನ್ನ ತಂಗಿ ಆ ಕಡೆ!” ಅವಳು ಹೊತ್ತವನ ಕೂದಲು ಜಗ್ಗಿದಳು.

“ಮೊದಲು ಕಟ್ಟೆಗೆ, ಆಮೇಲೆ ಎಲ್ಲ!” ಎಂದು ಅವನು ಮುಂದೆಯೇ ಓಡಿದ.

ಕೇರಿ ಮುಗಿದು ಇನ್ನೊಂದು ಕೇರಿ ಶುರುವಾಗುವ ಕಡೆ ಒಂದು ಕಲ್ಲಿನ ಕಟ್ಟೆ. ಬಿಟ್ಟವರ ಕಟ್ಟೆ ಎಂದು ಅದಕ್ಕೆ ಹೆಸರು. ಕೇರಿಯನ್ನು ನಡುವೆ ಬಿಟ್ಟವರ ಪಾದಗಳನ್ನು ಅದರ ಮೇಲೆ ಕೆತ್ತಿದ್ದರು. ಅವಳನ್ನು ಅಲ್ಲಿ ನಿಲ್ಲಿಸಿದರು. ಚೆಂಡುಹೂವಿನ ಹಾರ ಹಾಕಿದರು. ಉಳಿ ಹಿಡಿದವನೊಬ್ಬ ಅವಳ ಪಾದದ ಸುತ್ತ ಗೆರೆ ಎಳೆದ. “ಅಲ್ಲಾಡಬೇಡವ್ವ, ಹೆಬ್ಬೆರಳು ಸರಿಯಾಗಿ ಬರಬೇಕು.”

ಅವಳು ಹಾರ ಹರಿದು, ಉಳಿಯವನನ್ನು ಒದ್ದು, ಕಟ್ಟೆಯಿಂದ ಹಾರಿದಳು. ನೀಲಿ ಬಾಗಿಲ ಕಡೆಗೆ ಓಡಿದಳು. ಸ್ವಲ್ಪ ದೂರ ಓಡಿರಬೇಕು. ಬೆನ್ನಿಂದ ಏನೋ ಜಗ್ಗಿತು. ಉಸಿರು ಕಟ್ಟಿ ಅಂಗಾತ ಬಿದ್ದಳು. ತಂಗಿ ಬಿದ್ದಿದ್ದ ಹಾಗೆಯೇ.

ಕಣ್ಣು ಬಿಟ್ಟಾಗ ಮೇಲೆ ಗಂಟೆಯವನ ಮುಖ.

“ಎಲ್ಲಿಗೆ?”

“ಬಿಟ್ಟಾಯಿತಲ್ಲ! ದಾರ ಹರಿದೆನಲ್ಲ!”

“ಕೇರಿ ಬಿಟ್ಟೆ. ಸರಿ, ಯಾರು ಬೇಡ ಅಂದರು? ಊರು ಬಿಟ್ಟಿಲ್ಲವಲ್ಲ.” ಅವನು ಅವಳನ್ನು ಎಬ್ಬಿಸಿ ಮಣ್ಣು ಕೊಡವಿದ. ಅವನ ಕೈ ಅಣ್ಣನ ಕೈ ಹಾಗೆ ಮೆತ್ತಗಿತ್ತು. “ಆ ಕೇರಿ ಮುಗಿದ ಲೆಕ್ಕ. ಇದು ಮುಂದಿನ ಕೇರಿ. ನಡಿ.”

ಮುಂದಿನ ಕೇರಿಯ ಕೋಲಿನವನು ಹೊಸ ದಾರ ಹಿಡಿದು ನಿಂತಿದ್ದ.

ತಟ್ಟಿದ. ತೆರೆಯಿತು. ಕೇಳಿದಳು. ಇಲ್ಲ ಅಂದರು. ಅಕ್ಕಿ ಬಿತ್ತು. ಮುಂದೆ. ಅವಳು ಎರಡನೆಯ ಬಾಗಿಲಿಗೇ ದಾರ ಕಚ್ಚಿದಳು. ಮತ್ತೆ ಜನ. ಬೇರೆ ಜನ, ಅದೇ ಕೂಗು. ಬಿಟ್ಟಳು, ಬಿಟ್ಟಳು. ಮತ್ತೆ ಹೆಗಲು, ಮತ್ತೆ ತಮಟೆ, ಮತ್ತೆ ಕಟ್ಟೆ, ಮತ್ತೆ ಹಾರ. ಈ ಸಲ ಹಾರ ಇನ್ನೂ ದೊಡ್ಡದಿತ್ತು. ಪ್ರತಿ ಕೇರಿಯ ತುದಿಗೂ ಒಂದು ಕಟ್ಟೆ. ದಾರ ಹರಿದವರನ್ನೆಲ್ಲ ಕೊಂಡಾಡುವುದು, ಕೊಂಡಾಡುತ್ತಾ ಮುಂದಿನ ಕೇರಿಯ ಬಾಯಿಗೆ ಒಯ್ದು ಇಳಿಸುವುದು. ಇದು ಆ ಊರಿನ ಬಂಡಾಯ. ಊರು ಬಂಡಾಯವನ್ನು ತಡೆದಿರಲಿಲ್ಲ, ಅದಕ್ಕೊಂದು ಕಲ್ಲಿನ ಕಟ್ಟೆ ಕಟ್ಟಿಸಿಕೊಟ್ಟಿತ್ತು.

ಕಟ್ಟೆಯ ಮೇಲೆ ಒಬ್ಬ ಮುದುಕ ಕೂತಿದ್ದ. ಅವನ ಕೊರಳಲ್ಲಿ ಒಣಗಿದ ಹಾರ. ಜನ ಅವನ ಕಾಲು ಮುಟ್ಟಿ ಹೋಗುತ್ತಿದ್ದರು.

“ಬಾ ಮಗಳೇ, ಕೂತ್ಕೋ,” ಎಂದ. “ನಾನೂ ಬಿಟ್ಟವನೇ. ನೋಡು ಕೈ. ದಾರದ ಗುರುತೂ ಇಲ್ಲ. ಎಷ್ಟು ಕೇರಿ ಬಿಟ್ಟಿದ್ದೀನಿ ಗೊತ್ತಾ! ಎಲ್ಲ ಕಟ್ಟೆ ಮೇಲೂ ನನ್ನ ಪಾದ ಇದೆ.”

“ಯಾರನ್ನ ಹುಡುಕುತ್ತಿದ್ದೆ ತಾತ?”

ಮುದುಕ ಕೊರಳ ಹಾರದಿಂದ ಒಂದು ಒಣ ಎಸಳು ಕಿತ್ತು ಬೆರಳಲ್ಲಿ ತಿಕ್ಕಿದ.

“ಯಾರನ್ನೋ,” ಎಂದ. “ಹೆಂಗಸು ಅನ್ಸುತ್ತೆ. ಇಲ್ಲ, ಮಗುನೋ. ಸಿಕ್ಕಿತ್ತು ಕಣೇ, ಅದು ಮಾತ್ರ ನೆನಪಿದೆ. ಮೊದಲ ಕೇರೀಲೇ ಸಿಕ್ಕಿತ್ತು.”

ಅವನು ಅಳಲು ಬಗ್ಗಿದ. ಬಗ್ಗಿದಾಗ ಪಂಚೆ ಸರಿಯಿತು. ಸೊಂಟದ ಮೇಲೆ ಅಕ್ಕ ಅದನ್ನು ಕಂಡಳು.

ಉಡಿದಾರ. ಊರಲ್ಲಿ ಎಲ್ಲರಿಗೂ ಇರುವುದೇ. ನಾಮಕರಣದ ದಿನ ಕಿವಿಯಲ್ಲಿ ಹೆಸರು ಹೇಳಿ ಸೊಂಟಕ್ಕೆ ಕಟ್ಟುವ ಕರೀ ದಾರ. ವರ್ಷಕ್ಕೊಂದು ಎಳೆ ಸೇರಿಸಿ ಹೊಸೆಯುತ್ತಾರೆ. ಹೊಸೆದು ಹೊಸೆದು ಬೆಳೆದವರ ಸೊಂಟದಲ್ಲಿ ಅದು ಹಗ್ಗವಾಗಿರುತ್ತದೆ. ಸ್ನಾನ ಮಾಡುವಾಗಲೂ ಅದರ ಕಡೆ ಯಾರೂ ನೋಡುವುದಿಲ್ಲ, ಹೊಕ್ಕುಳನ್ನು ನೋಡಿಕೊಳ್ಳದ ಹಾಗೆ. ಮುದುಕನ ಉಡಿದಾರದ ಹಿಂಬದಿಗೆ ಒಂದು ಕಬ್ಬಿಣದ ಕೊಂಡಿ ಸಿಕ್ಕಿಸಿತ್ತು. ಕೊಂಡಿಗೆ ಹಗ್ಗ. ಹಗ್ಗ ಕಟ್ಟೆ ಇಳಿದು, ಚರಂಡಿಯ ಪಕ್ಕ ಹಾವಿನ ಹಾಗೆ ಹರಿದು, ಗೋಪುರದ ಕಡೆ ಹೋಗಿತ್ತು.

ಅಕ್ಕ ತನ್ನ ಬೆನ್ನ ಹಿಂದೆ ಕೈ ಹಾಕಿದಳು. ಕಬ್ಬಿಣ ತಣ್ಣಗಿತ್ತು.

ಇಷ್ಟು ಹೊತ್ತೂ ಅವಳು ಕಚ್ಚಿದ್ದು ಕಣ್ಣಿಗೆ ಕಾಣುವ ದಾರವನ್ನು. ಕಟ್ಟಿಹಾಕಿದ್ದು ಇದು. ಇದನ್ನು ಅವಳು ತನ್ನ ಮೈ ಎಂದುಕೊಂಡಿದ್ದಳು.

ಕೊಂಡಿ ಬಿಚ್ಚಲು ನೋಡಿದಳು. ಅದಕ್ಕೆ ಬಾಯಿಯೇ ಇರಲಿಲ್ಲ. ಉಡಿದಾರವನ್ನೇ ಕೀಳಬೇಕು. ಹಲ್ಲಿಗೆ ಎಟುಕದು, ಚಾಕು ಇಲ್ಲ. ಅವಳು ಕಟ್ಟೆಯ ಅಂಚಿಗೆ ಬೆನ್ನು ಕೊಟ್ಟು ನಿಂತಳು. ಹೊಸದಾಗಿ ಕೆತ್ತಿದ ಕಲ್ಲು, ಅಂಚು ಇನ್ನೂ ಚೂಪಾಗಿತ್ತು. ಉಡಿದಾರವನ್ನು ಅಂಚಿಗೆ ಒತ್ತಿ ಏಳುತ್ತಾ ಕೂರುತ್ತಾ ತಿಕ್ಕತೊಡಗಿದಳು. ಒನಕೆ ಏಳುವ ಹಾಗೆ, ಬೀಳುವ ಹಾಗೆ.

ತಮಟೆ ನಿಂತಿತು.

“ಏನು ಮಾಡ್ತಿದ್ದೀಯಾ?” ಹೊತ್ತು ತಂದಿದ್ದವನೇ ಕೇಳಿದ. “ಅದು ಉಡಿದಾರ. ಅದು ಸುತ್ತಿನದ್ದಲ್ಲ.”

“ಅದೇ ಸುತ್ತಿನದು. ನಿನ್ನದೂ ನೋಡಿಕೋ.”

“ಅದರಲ್ಲಿ ನಿನ್ನ ಹೆಸರಿದೆ ಕಣೇ! ಅದು ಹೋದರೆ ನಿನ್ನನ್ನ ಏನಂತ ಕರೆಯೋದು?”

“ನನ್ನ ತಂಗಿ ‘ಅಕ್ಕ’ ಅಂತಾಳೆ. ಸಾಕು.”

ಅವನ ಕೈ ತನ್ನ ಸೊಂಟದ ಹತ್ತಿರ ಹೋಯಿತು. ಅಲ್ಲಿಗೆ ಮುಟ್ಟುವ ಮೊದಲೇ ಕೈಯನ್ನು ಹಿಂದಕ್ಕೆ ಎಳೆದುಕೊಂಡ, ಬಿಸಿ ಪಾತ್ರೆ ಮುಟ್ಟಲು ಹೋದವನ ಹಾಗೆ. ಬೇರೆಯವರು ಮುಖ ತಿರುಗಿಸಿದರು. ಅವಳು ತಿಕ್ಕಿದಳು. ಎಳೆ ಹರಿದವು, ಚರ್ಮ ಹರಿಯಿತು, ರಕ್ತ ಕಲ್ಲಿನ ಮೇಲಿನ ಪಾದಗಳಲ್ಲಿ ತುಂಬಿತು. ಕೊನೆಯ ಎಳೆ, ಹುಟ್ಟಿದ ಹೊಸತರಲ್ಲಿ ಕಟ್ಟಿದ್ದು, ಎಲ್ಲಕ್ಕಿಂತ ಗಟ್ಟಿಯಿತ್ತು. ಅದೂ ಹರಿಯಿತು.

ಅವಳ ಹೆಸರು ಅವಳಿಂದ ಬಿದ್ದುಹೋಯಿತು. ಸದ್ದೇನೂ ಆಗಲಿಲ್ಲ. ಜನರ ಕಣ್ಣು ಅವಳು ನಿಂತ ಜಾಗವನ್ನು ದಾಟಿ ಹಿಂದಿನ ಗೋಡೆಯನ್ನು ನೋಡಿತು. ಯಾರೋ ಹಾರವನ್ನು ಎತ್ತಿಕೊಂಡರು, ಮುಂದಿನವರಿಗಾಗುತ್ತದೆ ಎಂದು.

ಅವಳು ಓಡಿದಳು. ಯಾವುದೂ ಜಗ್ಗಲಿಲ್ಲ. ಎರಡು ಕೇರಿ ಹಿಂದಕ್ಕೆ ಓಡಿದಳು. ಬಾಗಿಲುಗಳು ಒಂದಾದ ಮೇಲೊಂದು ಹಿಂದೆ ಸರಿದವು, ತಟ್ಟದೆ ಬಿಟ್ಟ ಬಾಗಿಲುಗಳು. ಯಾವುದೂ ನೊಂದುಕೊಳ್ಳಲಿಲ್ಲ, ಯಾವುದೂ ಶಾಪ ಹಾಕಲಿಲ್ಲ. ಆಕಾಶ ಕೆಳಗೆ ಬೀಳಲಿಲ್ಲ. ಒಂದು ಜಗಲಿಯ ಮೇಲೆ ಬೆಕ್ಕು ಮೈ ನೆಕ್ಕಿಕೊಳ್ಳುತ್ತಿತ್ತು.

ನೀಲಿ ಬಾಗಿಲ ಮುಂದೆ ನಿಂತಳು. ಕೋಲಿರಲಿಲ್ಲ. ಕೈಯಿಂದ ತಳ್ಳಿದಳು.

ತೆರೆಯಿತು. ಬಾಗಿಲಿಗೆ ಚಿಲಕವೇ ಇರಲಿಲ್ಲ. ಆ ಊರಿನ ಯಾವ ಬಾಗಿಲಿಗೂ ಇರಲಿಲ್ಲ.

ಮನೆಯಾಕೆ ಗೋಡೆಗೆ ಅಂಟಿಕೊಂಡು ಕೂತಿದ್ದಳು. ಅವಳ ಕೈಯಲ್ಲಿ ಪೊರಕೆ. ತಂಗಿಯ ತಲೆಯ ಹತ್ತಿರ ಒಂದು ಮಡಿಸಿದ ಕೌದಿ ಇತ್ತು. ಪೊರಕೆಯ ಹಿಡಿಯಿಂದ ದೂಡಿದ್ದಳು. ಮೈ ಮುಟ್ಟದೆ, ನಿಯಮ ಮುರಿಯದೆ, ತಲೆಯ ಕೆಳಗೆ ಹೇಗಾದರೂ ಕೌದಿ ತೂರಿಸಲು ನೋಡಿದ್ದಳು. ಅರ್ಧ ತೂರಿತ್ತು. ತಲೆ ಒಂದು ಕಡೆ ವಾಲಿತ್ತು. ಎದೆ ಏರುತ್ತಿರಲಿಲ್ಲ.

“ನೀನು ಕೂಗಿದ್ದು ಕೇಳಿಸಿತ್ತು,” ಎಂದಳು ಮನೆಯಾಕೆ. ಯಾರಿಗೆ ಹೇಳುತ್ತಿದ್ದೇನೆ ಎಂದು ಅವಳಿಗೆ ಕಾಣುತ್ತಿರಲಿಲ್ಲ. ತೆರೆದ ಬಾಗಿಲಿಗೆ ಹೇಳುತ್ತಿದ್ದಳು. “ಕೂರಿಸು ಅಂದಿದ್ದೆ. ಈಗಷ್ಟೇ ಹೋಯಿತು ಜೀವ. ಆ ಕಡೆ ತಮಟೆ ಕೇಳುತ್ತಿತ್ತು. ತಮಟೆ ಕೇಳಿದಾಗೆಲ್ಲ ಕಣ್ಣು ಬಿಡೋಳು. ನೀನು ಬರ್ತೀಯ ಅಂದುಕೊಂಡಳು.”

ಅಕ್ಕ ಚಾಪೆಯ ಮೇಲೆ ತಂಗಿಯ ಹಿಂದೆ ಕೂತಳು. ಎತ್ತಿ ಕೂರಿಸಿದಳು. ತಂಗಿಯ ಬೆನ್ನಿಗೆ ಎದೆ ಕೊಟ್ಟಳು. ಕೈ ಮುಂದಕ್ಕೆ ತಂದು ನೀವತೊಡಗಿದಳು. ತಾನು ಉಸಿರೆಳೆದಳು, ಬಿಟ್ಟಳು. ಎಳೆದಳು, ಬಿಟ್ಟಳು. ತಂಗಿಯ ತಲೆ ಅವಳ ಹೆಗಲ ಮೇಲೆ ಇನ್ನೂ ಬೆಚ್ಚಗಿತ್ತು. ಒಂದು ಗಳಿಗೆ ಮೊದಲು ಬಂದಿದ್ದರೆ, ಒಂದು ಹಾರ ಕಡಿಮೆಯಾಗಿದ್ದರೆ.

ದೂರದಲ್ಲಿ ಸುತ್ತು ನಡೆಯುತ್ತಲೇ ಇತ್ತು. ಹುಡುಕುವವಳು ಇಲ್ಲ ಎಂದು ಯಾರೂ ನಿಲ್ಲಿಸಿರಲಿಲ್ಲ. ಹರಿದ ಉಡಿದಾರವನ್ನು ಕೋಲಿಗೆ ತೂಗುಹಾಕಿಕೊಂಡು ಕೋಲಿನವನು ತಟ್ಟುತ್ತಿದ್ದ, ತಾನೇ ಕೇಳುತ್ತಿದ್ದ. ಇದ್ದಾಳೆಯೇ? ಇಲ್ಲ. ಮುಂದೆ. ಇದ್ದಾಳೆಯೇ? ಇಲ್ಲ. ಮುಂದೆ. ಬಿಸಿಲು ಹೊಸ್ತಿಲು ದಾಟಿತು. ಅಕ್ಕ ನೀವುತ್ತಲೇ ಇದ್ದಳು. ತಂಗಿ ತಣ್ಣಗಾದಳು, ಸೆಟೆದಳು. ಅಕ್ಕ ನೀವುತ್ತಲೇ ಇದ್ದಳು.

ಹೊತ್ತು ಇಳಿಯುವಾಗ ಗೋಪುರದಲ್ಲಿ ಗಂಟೆ ಮೊಳಗಿತು. ಮುಗಿಯಿತು.

ಮನೆಯಾಕೆ ಪೊರಕೆ ಕೆಳಗಿಟ್ಟಳು. ಮೊಣಕಾಲ ಮೇಲೆ ತೆವಳುತ್ತಾ ಚಾಪೆಯ ಹತ್ತಿರ ಬಂದಳು. “ಗಂಟೆ ಆಯಿತು,” ಎಂದಳು. “ಇನ್ನು ಮುಟ್ಟಬಹುದು.” ತಂಗಿಯ ಪಾದವನ್ನು ಎರಡೂ ಕೈಯಲ್ಲಿ ಹಿಡಿದಳು. ಹಿಡಿದು, ಊರಿಗೆ ಕೇಳಿಸದ ಹಾಗೆ, ಸೆರಗು ಕಚ್ಚಿಕೊಂಡು ಅತ್ತಳು.

ತಂಗಿಯನ್ನು ಅಕ್ಕ ಒರಳಿನ ಪಕ್ಕ ಮಣ್ಣು ಮಾಡಿದಳು. ಕುಣಿಯಲ್ಲೂ ಮಲಗಿಸಲಿಲ್ಲ, ಕೂರಿಸಿದಳು.

ಆಮೇಲೆ ಅವಳು ಊರು ಬಿಟ್ಟು ಹೋಗಬಹುದಿತ್ತು. ಅವಳನ್ನು ಹಿಡಿದಿಡುವ ಹಗ್ಗ ಇರಲಿಲ್ಲ. ಹೋಗಲಿಲ್ಲ. ಕಟ್ಟೆಯ ಅಂಚಿನಿಂದ ಒಂದು ಚೂಪು ಚಕ್ಕೆಯನ್ನು ಒಡೆದುಕೊಂಡು ಮೊದಲ ಕೇರಿಯ ಬಾಯಲ್ಲಿ ಕೂತಳು. ಊರ ಪಾಲಿಗೆ ಅವಳು ಇಲ್ಲದವಳು. ಜನ ಅವಳ ಮೇಲೆ ಪಾತ್ರೆ ತೊಳೆದ ನೀರು ಚೆಲ್ಲಿ ಹೋಗುತ್ತಿದ್ದರು, ಖಾಲಿ ಜಾಗಕ್ಕೆ ಚೆಲ್ಲಿದ ಹಾಗೆ. ಹುಡುಕಲು ಹೊರಟವರು ಬರುತ್ತಿದ್ದರು, ಕೋಲಿನ ಹಿಂದೆ, ಕೈಯಲ್ಲಿ ದಾರ. ಅವಳು ಪ್ರತಿಯೊಬ್ಬರ ಪಕ್ಕದಲ್ಲಿ ಓಡುತ್ತಾ ಕಿವಿಯಲ್ಲಿ ಕೂಗುತ್ತಿದ್ದಳು. ಕೆಲವರು ಸೊಳ್ಳೆ ಓಡಿಸುವ ಹಾಗೆ ಕೈ ಬೀಸಿದರು. ಹೆಚ್ಚಿನವರಿಗೆ ಅದೂ ಇಲ್ಲ. ಅವಳ ದನಿ ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು.

ಒಂದು ದಿನ ಹೆಂಡತಿಯನ್ನು ಹುಡುಕುತ್ತಾ ಒಬ್ಬ ಕುಂಬಾರ ಬಂದ. ನೀಲಿ ಬಾಗಿಲಿನಲ್ಲೇ ಅವನ ಹೆಂಡತಿ ಸಿಕ್ಕಳು. ಚಾಪೆಯ ಮೇಲೆ, ಕಾಲಿಗೆ ಹಾವು ಕಚ್ಚಿ, ಅಂಗಾತ.

“ಮುಂದೆ,” ಎಂದ ಕೋಲಿನವನು.

ಕುಂಬಾರ ಕೈಯನ್ನು ಬಾಯಿಗೆ ತಂದ. ಆಗಲೇ ಜಗಲಿಗಳ ಮೇಲೆ ಜನ ಎದ್ದು ನಿಂತಿದ್ದರು. ತಮಟೆಯವನು ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಿದ್ದ.

“ಕೈಯದಲ್ಲಣ್ಣ!” ಅವಳು ಕೂಗಿದಳು. “ಅದನ್ನು ಕಚ್ಚಬೇಡ! ಸೊಂಟದ್ದು! ಸೊಂಟದ್ದು ನೋಡಿಕೋ!”

ಕುಂಬಾರನಿಗೆ ಅವಳು ಕಾಣಲಿಲ್ಲ. ಆದರೆ ಹೊಸ್ತಿಲ ಮೇಲಿದ್ದ ಮನೆಯಾಕೆ, ಅಕ್ಕಿ ಹಿಡಿದ ಕೈಯನ್ನು ಮುಂದೆ ಚಾಚಿದವಳು, ತಲೆ ಎತ್ತಿ ಖಾಲಿ ಜಾಗದ ಕಡೆ ನೋಡಿದಳು. ಆ ದನಿಯನ್ನು ಅವಳು ಮೊದಲು ಕೇಳಿದ್ದಳು. ಕೂರಿಸು ಎಂದಿದ್ದ ದನಿ. ಅವಳ ಮುಷ್ಟಿ ಸಡಿಲವಾಯಿತು. ಅಕ್ಕಿ ಜೋಳಿಗೆಗೆ ಬೀಳದೆ ಹೊಸ್ತಿಲ ಮೇಲೆ ಚೆಲ್ಲಿತು.

“ಸೊಂಟದ್ದಂತೆ ಕಣಣ್ಣ,” ಎಂದಳು ಮನೆಯಾಕೆ, ಮೆಲ್ಲಗೆ.

ಕುಂಬಾರ ಕೈಯನ್ನು ಬಾಯಿಂದ ಇಳಿಸಿದ. ಬೆನ್ನ ಹಿಂದೆ ಹಾಕಿದ. ಅವನ ಬೆರಳು ಕಬ್ಬಿಣವನ್ನು ಮುಟ್ಟಿ ಅಲ್ಲೇ ನಿಂತವು. ಅಕ್ಕ ಆ ಬೆರಳುಗಳ ನಡುವೆ ಕಲ್ಲಿನ ಚಕ್ಕೆಯನ್ನು ಇಟ್ಟಳು.

“ಮುಂದೆ,” ಎಂದ ಕೋಲಿನವನು.

“ಮುಂದೆ,” ಎಂದ ಮತ್ತೆ, ದಾರ ಜಗ್ಗಿ.

ಕುಂಬಾರ ಹೆಜ್ಜೆ ಎತ್ತಲಿಲ್ಲ.